ನಡುವಿನ ಚೌಕ

ಕೊಟ್ಟೂರಿನ ಬಸ್ ನಿಲ್ದಾಣದಿಂದ ಮೂರನೆಯ ಓಣಿಗೆ ಹೊರಳಿದರೆ ಹಸಿರು ಬೋರ್ಡೊಂದು ಕಾಣುತ್ತಿತ್ತು: ‘ರಾಜಾಸಾಬ್ ಅಂಡ್ ಸನ್ಸ್, ಗಾದಿ ಮತ್ತು ದಿಂಬಿನ ವ್ಯಾಪಾರಿಗಳು’. ರಾಜಾಸಾಬನಿಗೆ ಗಂಡುಮಕ್ಕಳೇ ಇರಲಿಲ್ಲ. ಇದ್ದವಳು ಒಬ್ಬಳೇ ಮಗಳು, ಮುಮ್ತಾಜ್ ಬೇಗಂ, ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದಳು. ಹಾಗಾದರೆ ಈ ಸನ್ಸ್ ಯಾರು ಎಂದು ಯಾರಾದರೂ ಕಿಚಾಯಿಸಿದರೆ, "ಬೋರ್ಡಿಗೆ ಒಂದು ತೂಕ ಬೇಕಲ್ರೀ," ಎನ್ನುತ್ತಿದ್ದ. ತೂಕದ ವಿಷಯದಲ್ಲಿ ಆತ ಬಲು ಕಟ್ಟುನಿಟ್ಟು. ಪಿಂಜಾರ ರಾಜಾಸಾಬ ಎಂದು ಕರೆದರೆ ಕಿವಿ ಕೇಳಿಸದವನಂತೆ ಕೂರುತ್ತಿದ್ದ. ಗಾದಿ ರಾಜಾಸಾಬ್ರು ಎಂದರೆ ಚಹಾ ತರಿಸುತ್ತಿದ್ದ.

ಅವನ ಹೆಂಡತಿ ಸೈದಾ ಬೀಗೆ ಈ ತೂಕದ ಚಿಂತೆ ಇರಲಿಲ್ಲ. ಅವಳಿಗೆ ಇದ್ದದ್ದು ಚಿತ್ರದ ಹುಚ್ಚು. ಹಿರೇಹಡಗಲಿಯ ತವರಿನಲ್ಲಿ ಸಣ್ಣವಳಿದ್ದಾಗ, ಶೇಂಗಾ ಕಟ್ಟಿಕೊಟ್ಟ ಹಳೆ ವಾರಪತ್ರಿಕೆಯ ಹಾಳೆಯಲ್ಲಿ ಚೌಕ ಚೌಕವಾಗಿ ಬರೆದ ಚಿತ್ರಕಥೆ ಸಿಗುತ್ತಿತ್ತು. ಕಳ್ಳ ಗೋಡೆ ಹತ್ತುತ್ತಾನೆ, ನಾಯಿ ಬೊಗಳುತ್ತದೆ, ಮುಂದಿನ ಚೌಕವನ್ನು ಅಂಗಡಿಯವನು ಹರಿದು ಇನ್ಯಾರದೋ ಶೇಂಗಾಕ್ಕೆ ಕಟ್ಟಿ ಕಳಿಸಿರುತ್ತಾನೆ. ಕಳ್ಳ ಸಿಕ್ಕನೋ ಇಲ್ಲವೋ ತಿಳಿಯದೆ ಹುಡುಗಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಒಂದು ದಿನ ಇದ್ದಿಲು ಹಿಡಿದು ಮುಂದಿನ ಚೌಕವನ್ನು ತಾನೇ ಸುಣ್ಣದ ಗೋಡೆಯ ಮೇಲೆ ಬರೆದಳು. ಬೆನ್ನಿಗೆ ಏಟು ಬಿದ್ದವು, ಕಥೆ ಮಾತ್ರ ಮುಗಿಯಿತು. ಅಂದಿನಿಂದ ಅವಳು ಬರೆಯುವುದನ್ನು ಬಿಟ್ಟವಳಲ್ಲ.

ಮದುವೆಯಾಗಿ ಬಂದ ಮೇಲೆ ಅತ್ತೆ ಜೈತುನ್ ಬೀ ಅವಳ ಕೈಗೆ ಸೂಜಿ ಕೊಟ್ಟಳು. ಆ ಮನೆಯಲ್ಲಿ ಗಂಡಸರು ಹತ್ತಿ ಹಿಂಜಿ ಗಾದಿ ತುಂಬಿದರೆ, ಹೆಂಗಸರು ಹಳೆ ಬಟ್ಟೆಯ ತುಂಡು ಕೂಡಿಸಿ ಕೌದಿ ಹೊಲಿಯುವುದು ರೂಢಿ. ಕೌದಿ, ಅಡುಗೆ, ನೀರು ಮುಗಿದು ಬಿಡುವಾದರೆ ಸೈದಾ ಬೀ ಮಗಳ ಹಳೆ ನೋಟುಬುಕ್ಕಿನ ಖಾಲಿ ಹಾಳೆಗಳಲ್ಲಿ ಚಿತ್ರಕಥೆ ಬರೆಯುತ್ತಿದ್ದಳು. 1981ರ ಹೊತ್ತಿಗೆ ಹೀಗೆ ಆರು ಪುಸ್ತಕಗಳಾಗಿದ್ದವು. ಪಕ್ಕದ ಮನೆಯ ಹೂವಿನ ಅಂಜಿನಕ್ಕ ಅವನ್ನು ಬುಟ್ಟಿಯ ಬದಿಗೆ ಇಟ್ಟುಕೊಂಡು, ತಾನು ಮಾಲೆ ಕಟ್ಟಿ ಮುಗಿಸುವ ತನಕ ಗಿರಾಕಿಗಳ ಕೈಗೆ ಕೊಡುತ್ತಿದ್ದಳು. ಓದಿದವರದೆಲ್ಲ ಒಂದೇ ತಕರಾರು: ಈ ಪುಸ್ತಕವನ್ನು ಗಿರಗಿರ ತಿರುಗಿಸುತ್ತ ಓದಬೇಕು.

ಅದಕ್ಕೆ ಕಾರಣ ಕೌದಿಯೇ. ಕೌದಿ ಹೊಲಿಯುವವರು ಮಡಿಲ ಹತ್ತಿರದ ಅಂಚಿನಿಂದ ಶುರು ಮಾಡುತ್ತಾರೆ. ಒಂದು ಅಂಚು ಮುಗಿದರೆ ಕೌದಿಯನ್ನು ಹೊರಳಿಸಿ ಮುಂದಿನ ಅಂಚು. ಹೀಗೆ ಸುತ್ತು ಬರುತ್ತ ಬರುತ್ತ ನಡುವಿಗೆ ಬಂದು ನೂಲು ಕಡಿಯುತ್ತಾರೆ. ಹದಿನೆಂಟು ವರ್ಷ ಹಾಗೆ ಹೊಲಿದ ಕೈ ಪುಟವನ್ನೂ ಹಾಗೆಯೇ ಹಿಡಿಯಿತು. ಸುತ್ತಲೂ ಎಂಟು ಚೌಕ, ಒಂಬತ್ತನೆಯದು ನಡುವೆ. ಕಥೆ ಅಂಚಿನಿಂದ ಹೊರಟು ಸುತ್ತಿ ನಡುವಿಗೆ ಬಂದು ಮುಗಿಯುತ್ತಿತ್ತು. ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಬರೆಯಬೇಕೆಂದು ಅವಳಿಗೆ ಹೇಳಿದವರೂ ಇರಲಿಲ್ಲ, ಹೇಳಿದ್ದರೆ ಅವಳು ಕೇಳುತ್ತಲೂ ಇರಲಿಲ್ಲ.

ಒಂದು ಶನಿವಾರ ಸಂಜೆ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಓಬಳೇಶ ಸೈಕಲ್ ನಿಲ್ಲಿಸಿ ಬಾಗಿಲಿಗೆ ಬಂದ.

"ಅಕ್ಕಾರ, ಇನ್ನ ಮೂರು ವಾರಕ್ಕ ಹರಪನಹಳ್ಳ್ಯಾಗ ಒಂದು ಕೂಟ ಮಾಡಾಕ್ಹತ್ತೀವಿ. ಸ್ವಂತ ಪತ್ರಿಕಿ ತೆಗೆಯೋರು, ಚಿತ್ರಕಥಿ ಬರಿಯೋರು ತಮ್ಮ ತಮ್ಮ ಪುಸ್ತಕ ಟೇಬಲ್ ಮ್ಯಾಲೆ ಇಟ್ಕೊಂಡು ಕುಂದ್ರೋದು. ಗದಗಿಲಿಂದ, ದಾವಣಗೇರಿಲಿಂದ ಹುಡುಗ್ರು ಬರ್ತಾರ. ನಿಮಗೂ ಒಂದು ಟೇಬಲ್ ಹಿಡಿದೀನಿ."

"ನನ್ನ ಹತ್ರ ಒಂದೊಂದೇ ಪುಸ್ತಕ ಅದಾವ ಸರ್. ಟೇಬಲ್ ಮ್ಯಾಲೆ ಏನಿಡ್ಲಿ, ಅಂಜಿನಕ್ಕನ ಹೂವಾ?"

"ಅದಕ್ಕ ಬಂದೀನಿ." ಓಬಳೇಶ ಕಂಕುಳಿನ ಕಟ್ಟು ಬಿಚ್ಚಿದ. "ಪ್ರಶ್ನೆಪತ್ರಿಕಿ ತೆಗೆಯೋ ಸೈಕ್ಲೋಸ್ಟೈಲ್ ಮಿಷನ್ ಐತಲ್ಲ, ಹೆಡ್ಮಾಸ್ಟ್ರು ಒಂದು ಭಾನುವಾರ ಬಳಸಾಕ ಒಪ್ಯಾರ. ಈ ಮೇಣದ ಹಾಳಿ ಮ್ಯಾಲೆ ಚಿತ್ರ ಕೊರದು ಕೊಟ್ರ ನೂರು ಪ್ರತಿ ಬರ್ತಾವ. ಒಂಬತ್ತು ಹಾಳಿ ಅದಾವ. ಇದಕ್ಕಿಂತ ಒಂದೂ ಹೆಚ್ಚಿಗಿ ಸಿಗಂಗಿಲ್ಲ. ಎಂಟು ಪುಟದ ಪುಸ್ತಕ ಮಾಡ್ರಿ."

ನೂರು ಪ್ರತಿ! ಸೈದಾ ಬೀ ಆ ರಾತ್ರಿ ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ರಾಜಾಸಾಬ ನಗುತ್ತಲೇ ಕೇಳಿದ. ಜೋಳದ ರೊಟ್ಟಿ, ಪುಂಡಿಪಲ್ಲೆ ಅವನ ಮುಂದಿತ್ತು.

"ಏನೋ ಅಚ್ಚು ಹಾಕಿಸ್ತಿಯಂತ. ಯಾವ ಕಥಿ?"

"ಮಾವಂದು."

"ಯಾವ ಮಾವಂದು?"

"ನನಗ ಎಷ್ಟು ಮಂದಿ ಮಾವ ಅದಾರ? ನಿಮ್ಮಪ್ಪಂದು. ಬಿಲ್ಲು ಹೊತ್ಕೊಂಡು ಊರೂರು ತಿರುಗಿದ್ದು."

ರಾಜಾಸಾಬನ ಕೈ ತಟ್ಟೆಯ ಮೇಲೆಯೇ ನಿಂತಿತು. ಅವನ ಅಪ್ಪ ಅಬ್ದುಲ್ ವಹಾಬ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ, ಸುಗ್ಗಿ ಮುಗಿದ ಮೇಲೆ ಹಡಗಲಿ, ಹಿರೇಹಡಗಲಿ, ಮೈಲಾರ, ತೆಲಿಗಿ, ಹರಪನಹಳ್ಳಿ ಎಂದು ಬರಿಗಾಲಲ್ಲಿ ಸುತ್ತು ಹಾಕಿ ತಿಂಗಳಿಗೊಮ್ಮೆ ಮನೆ ಸೇರುತ್ತಿದ್ದವ. ಓಣಿಯಲ್ಲಿ ನಿಂತು ಬಿಲ್ಲಿನ ತಂತಿ ಮೀಟಿದರೆ ಜನ ಹಳೆ ಗಾದಿ ಹೊತ್ತು ತರುತ್ತಿದ್ದರು. ತೀರಿಕೊಂಡು ಹದಿನೇಳು ವರ್ಷವಾಗಿತ್ತು.

"ಬುದ್ಧಿ ಐತೇನು ನಿನಗ?" ರಾಜಾಸಾಬ ದನಿ ಏರಿಸಿದ. "ಮುಮ್ತಾಜಗ ಹರಪನಹಳ್ಳಿ ಮಹಬೂಬ್ ಸಾಬ್ರ ಮನ್ಯಾಗ ಮಾತು ನಡದೈತಿ. ಲಾರಿ ಗ್ಯಾರೇಜು ಅವರದು. ನಮ್ಮಪ್ಪನ ಕಾಲದಿಂದ ಅಂಗಡಿ ಐತಿ ಅಂತ ನಾನು ಹೇಳಿ ಬಂದೀನಿ. ನೀನು ಅದೇ ಊರಾಗ ಕುಂತು, ನೂರು ಮಂದಿಗೆ ಬರಿಗಾಲ ಪಿಂಜಾರನ್ನ ತೋರಿಸ್ತಿ?"

"ಅಂಗಡಿ?" ಒಲೆಯ ಬಳಿಯಿಂದ ಜೈತುನ್ ಬೀ ತಲೆ ಎತ್ತಿದಳು. "ಯಾವ ಅಂಗಡಿಲೇ ರಾಜಾ? ನಿಮ್ಮಪ್ಪಗ ಹೆಗಲೇ ಅಂಗಡಿ."

"ನೀ ಸುಮ್ಕಿರವ್ವ."

"ಅವರು ಮಾಡಿದ್ದನ್ನೇ ಬರೀತೀನಿ," ಸೈದಾ ಬೀ ಅಂದಳು. "ಕದ್ದಿಲ್ಲ, ಸುಳ್ಳು ಹೇಳಿಲ್ಲ."

ಕೊನೆಯ ಮಾತು ಚುರ್ರೆಂದಿತು. ರಾಜಾಸಾಬ ತಟ್ಟೆ ತಳ್ಳಿ ಎದ್ದ. "ಆ ಕಥಿ ಹರದು ಒಲಿಗೆ ಹಾಕೋ ತನಕ ಈ ಮನ್ಯಾಗ ಒಂದು ತುತ್ತು ಮುಟ್ಟಂಗಿಲ್ಲ! ಮತ್ತ ಹಿರೇಹಡಗಲಿ ಕರಿಸಿದ್ದಪ್ಪರ ಮನಿ ಮದುವಿಗೆ ಮೂರು ಕೌದಿ ಕೊಡೋದೈತಿ. ಅದು ತಪ್ಪಿದ್ರ ನೋಡು."

"ಅದೂ ಮುಗಸ್ತೀನಿ, ಇದೂ ಮುಗಸ್ತೀನಿ," ಎಂದಳು ಸೈದಾ ಬೀ. ಗಂಡ ಚಪ್ಪಲಿ ಮೆಟ್ಟಿ ಹೋದ ಮೇಲೆ ಅವನು ಮುರಿದಿಟ್ಟ ರೊಟ್ಟಿಯನ್ನು ನೋಡುತ್ತ ಅವಳಿಗೆ ಅಳು ಬಂತು. ಅತ್ತರೆ ಹೊತ್ತು ಹೋಗುತ್ತದೆಂದು ಎದ್ದು ಸೂಜಿಗೆ ನೂಲು ಪೋಣಿಸಿದಳು.

ಮೊದಲ ವಾರ ರಾಜಾಸಾಬ ಬಸ್ ನಿಲ್ದಾಣದ ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ಹೊಡೆದು ಗೆದ್ದವನಂತೆ ಮೀಸೆ ಒರೆಸಿಕೊಂಡು ಬಂದ. ಎರಡನೆಯ ವಾರ ಸೋಡಾ ಕುಡಿಯತೊಡಗಿದ. ಮನೆಯಲ್ಲಿ ಮಾತೆಲ್ಲ ಮಗಳ ಮೂಲಕ.

"ಮುಮ್ತಾಜ್, ನಿಮ್ಮವ್ವನ್ನ ಕೇಳು, ಎರಡನೇ ಕೌದಿ ಎಲ್ಲೀಗೆ ಬಂತು ಅಂತ."

"ಅವ್ವಾ, ಕೌದಿ ಎಲ್ಲೀಗೆ ಬಂತು?"

"ನಿಮ್ಮಪ್ಪಗ ಹೇಳು, ಸಾರು ಬಿಸಿ ಐತಿ ಅಂತ."

"ಅಪ್ಪಾ, ಸಾರು..."

"ಕೇಳಿಸ್ತು. ಬ್ಯಾಡ ಅಂತ ಹೇಳು."

ಜೈತುನ್ ಬೀ ಇಬ್ಬರನ್ನೂ ಬಯ್ಯುತ್ತಿದ್ದಳು. ಮಗನಿಗೆ, "ಹೋಟೆಲ್ ಎಣ್ಣಿ ತಿಂದು ಹೊಟ್ಟಿ ಕೆಡಿಸ್ಕೊ, ನಾನು ಓಂಕಾಳು ಅರೆದು ಕೊಡಂಗಿಲ್ಲ." ಸೊಸೆಗೆ, "ಗಂಡ ಉಪವಾಸ ಇದ್ರ ನಿನಗ ಗೆರಿ ಎಳಿಯಾಕ ಕೈ ಹೆಂಗ ಬರ್ತೈತಿ?" ಅವಳಿಗೆ ಮಗನ ಸುಳ್ಳು ಹಿಡಿಸಿರಲಿಲ್ಲ, ಸೊಸೆಯ ಹಟವೂ ಹಿಡಿಸಿರಲಿಲ್ಲ. ಮನೆಯ ಮಾತು ಕಾಗದದ ಮೇಲೆ ಹೋಗಬಾರದು ಎಂಬುದು ಅವಳ ಕಾಯಿದೆ.

ಮುಮ್ತಾಜ್ ಮಾತ್ರ ಅವ್ವನ ಕಡೆ. ಕಥೆಯ ಅಕ್ಷರಗಳನ್ನು ಬರೆಯುವ ಕೆಲಸ ಅವಳದು. ಒಂದು ಸಂಜೆ ಅಪ್ಪನಿಗೆ ನೇರವಾಗಿ ಕೇಳಿಯೇಬಿಟ್ಟಳು: "ನಾಳೆ ಆ ಮನಿಗೆ ಹೋದ ಮ್ಯಾಲೆ, ನಿಮ್ಮಜ್ಜನ ಅಂಗಡಿ ಎಲ್ಲಿತ್ತು, ಎಷ್ಟು ಬಾಗಲ ಇದ್ವು ಅಂದ್ರ ಏನಂತ ಹೇಳ್ಲಿ? ದಿನಾ ನೆನಪಿಟ್ಕೊಂಡು ಕುಂದ್ರಬೇಕೇನು?"

"ದೊಡ್ಡೋರ ಮಾತಿನ್ಯಾಗ ಬಾಯಿ ಹಾಕಬ್ಯಾಡ," ಎಂದ ರಾಜಾಸಾಬ.

ಸೈದಾ ಬೀಯ ದಿನ ಗಡಿಯಾರಕ್ಕಿಂತ ಬಿಗಿಯಾಗಿತ್ತು. ಬೆಳಿಗ್ಗೆ ರೊಟ್ಟಿ, ನೀರು, ಆಮೇಲೆ ಮಧ್ಯಾಹ್ನದ ತನಕ ಕೌದಿ. ಊಟವಾದ ಮೇಲೆ ಬಾಗಿಲ ಬೆಳಕಿಗೆ ಮಣೆ ಹಾಕಿ ಮೇಣದ ಹಾಳೆ. ಮೊದಲ ಹಾಳೆಯನ್ನು ಓಬಳೇಶ ಕೊಟ್ಟ ಕಬ್ಬಿಣದ ಮೊನೆಯಿಂದ ಮೂರು ದಿನ ಕೂತು ಕೊರೆದಳು. ಅವನು ಅದನ್ನು ಒಯ್ದು, ಒಂದು ಪ್ರತಿ ತೆಗೆದು, ಸಪ್ಪೆ ಮೋರೆ ಹಾಕಿಕೊಂಡು ತಿರುಗಿ ಬಂದ.

ಮುಖಗಳೆಲ್ಲ ಕಪ್ಪು. ಗೆರೆ ಸುತ್ತು ಬಂದು ಕೂಡಿದಲ್ಲೆಲ್ಲ ಒಳಗಿನ ಮೇಣ ಕತ್ತರಿಸಿದಂತಾಗಿ ಉದುರಿ, ಆ ತೂತಿನಿಂದ ಮಸಿ ಸುರಿದಿತ್ತು. ಅಬ್ದುಲ್ ವಹಾಬನ ಕತ್ತಿನ ಮೇಲೆ ತಲೆಯ ಬದಲು ಮಸಿಗುಂಡು. ಎತ್ತಿನ ಕಣ್ಣು, ಗಾಡಿಯ ಗಾಲಿ, ಕೊನೆಗೆ ಮುಮ್ತಾಜ್ ಬರೆದ ಸೊನ್ನೆಗಳೂ ಕಪ್ಪು.

"ಅಜ್ಜ ಕಾಗಿ ಆಗ್ಯಾನ," ಎಂದು ಮುಮ್ತಾಜ್ ನಕ್ಕಳು. ಅವ್ವನ ಮುಖ ನೋಡಿ ನಗು ನುಂಗಿದಳು.

"ಗುಂಡಗೆ ಏನೂ ಬರಿಯೋ ಹಂಗಿಲ್ಲಕ್ಕಾರ," ಓಬಳೇಶ ಅಂದ. "ಮುಖ ಬಿಟ್ಟು ಬರೀಬೇಕು."

"ಮುಖ ಬಿಟ್ಟು ಏನು ಬರೀಲಿ ಸರ್, ಬರೇ ಚಪ್ಪಲಿನಾ? ನಮ್ಮ ಮಾವಗ ಅದೂ ಇರಲಿಲ್ಲ."

ಉಳಿದದ್ದು ಎಂಟೇ ಹಾಳೆ. ಇನ್ನೊಂದು ಕೆಟ್ಟರೆ ಪುಸ್ತಕವಿಲ್ಲ. ಸೈದಾ ಬೀ ಆ ಹಾಳಾದ ಹಾಳೆಯನ್ನು ಬೆಳಕಿಗೆ ಹಿಡಿದು ಕೂತಳು. ಜೈತುನ್ ಬೀ ಕೌದಿ ಬದಿಗಿಟ್ಟು ಬಂದು, ಗಂಡನ ತಲೆ ಇರಬೇಕಾದಲ್ಲಿದ್ದ ತೂತಿನೊಳಗೆ ಬೆರಳು ತೂರಿಸಿ ನೋಡಿದಳು. ಆ ತೂತು ನೋಡಿ ಅವಳಿಗೆ ಏನೆನಿಸಿತೋ, ಬಯ್ಯುವುದನ್ನೇ ಮರೆತಳು.

"ಕತ್ತರಿಸಿದ್ರ ಬೀಳದೆ ಇರ್ತೈತೇನು, ಹುಚ್ಚಿ," ಅಂದಳು. "ಕೌದಿ ಮ್ಯಾಲೆ ಹೂವು ಹೆಂಗ ತೆಗೀತಿ? ಚುಚ್ಚಿ ಬಿಡು, ಚುಚ್ಚಿ ಬಿಡು. ನಡುನಡುವ ಅರಿವಿ ಹಿಡದಿರ್ತೈತಿ. ಸೂಜಿ ತಗೋ."

ಸೈದಾ ಬೀ ಸೂಜಿ ತೆಗೆದುಕೊಂಡಳು. ಗೆರೆ ಎಳೆಯುವ ಬದಲು ಚುಕ್ಕೆ ಚುಕ್ಕೆಯಾಗಿ ಚುಚ್ಚುತ್ತ ಒಂದು ಮುಖ ತೆಗೆದಳು. ಮೇಣ ಉದುರಲಿಲ್ಲ. ಇಡೀ ಪುಟವನ್ನು ಹಾಗೆಯೇ ಚುಚ್ಚಿ ಮುಗಿಸಿದಳು. ಓಬಳೇಶ ಒಯ್ದು ಪ್ರತಿ ತೆಗೆದು, ಸೈಕಲ್ ಗಂಟೆಯನ್ನು ಓಣಿಯ ತುದಿಯಿಂದಲೇ ಬಾರಿಸುತ್ತ ಬಂದ. ಹಾಳೆಯ ತುಂಬ ಕೌದಿಯ ಹೊಲಿಗೆಯಂಥ ಗೆರೆ, ಅದರಲ್ಲಿ ಅಬ್ದುಲ್ ವಹಾಬ ನೆಟ್ಟಗೆ ಕಣ್ಣು ಬಿಟ್ಟು ನೋಡುತ್ತಿದ್ದ.

ಜೈತುನ್ ಬೀ ಬಹಳ ಹೊತ್ತು ನೋಡಿದಳು. "ಮೂಗು ಇಷ್ಟು ಉದ್ದ ಇರಲಿಲ್ಲ," ಎಂದು ಮಾತ್ರ ಹೇಳಿದಳು. ಅಲ್ಲಿಗೆ ಅವಳ ಕಾಯಿದೆ ಮುರಿದುಬಿತ್ತು. ಅಂದಿನಿಂದ ಕೌದಿಯ ಮೇಲೆ ಬಗ್ಗಿದಲ್ಲೇ ಮಾತಾಡತೊಡಗಿದಳು. ತೆಲಿಗಿಯಲ್ಲಿ ದುಡ್ಡಿನ ಬದಲು ಜೋಳ ಅಳೆದು ಕೊಟ್ಟದ್ದು, ಮೈಲಾರದಲ್ಲಿ ಹೊಳೆ ಗಾಳಿಗೆ ಹಿಂಜಿದ ಹತ್ತಿಯೆಲ್ಲ ಹಾರಿ ಹೋಗಿ ಮಕ್ಕಳು ಅಟ್ಟಿಸಿಕೊಂಡು ಹೋದದ್ದು, ಹಿರೇಹಡಗಲಿಯಲ್ಲಿ ಮುದುಕಿಯೊಬ್ಬಳು ದಿಂಬು ಮೆತ್ತಗಾಗುವ ತನಕ ಬಿಡದೆ ಮೂರು ಸಲ ಹಿಂಜಿಸಿದ್ದು. ಪ್ರತಿ ಪುಟಕ್ಕೊಂದು ಊರು. ಸುತ್ತಲಿನ ಎಂಟು ಚೌಕದಲ್ಲಿ ಆ ಊರಿನ ಸಂಗತಿ, ನಡುವಿನ ಚೌಕದಲ್ಲಿ ಅಲ್ಲಿ ಅವನು ಉಂಡದ್ದು.

ಎಂಟನೆಯ ಪುಟ ಕೊಟ್ಟೂರು. ಮಾವ ಮನೆಗೆ ಬಂದ.

"ಮನಿಗೆ ಬಂದ ಮ್ಯಾಲೆ ಏನು ಮಾಡ್ತಿದ್ರು ಅತ್ತಿ?"

"ಏನು ಮಾಡ್ತಾನ? ಕೈಕಾಲು ತೊಳಕೊಂಡು ಉಣ್ಣಾಕ ಕುಂದ್ರತಿದ್ದ."

"ಉಣ್ಣುವಾಗ ಮುಖ ಹೆಂಗಿರ್ತಿತ್ತು? ಹೊಸ ಸೊಸಿ ನಾನು, ಮಾವನ ಎದುರಿಗೆ ಬರ್ತಿರಲಿಲ್ಲ."

ಜೈತುನ್ ಬೀಯ ಸೂಜಿ ನಿಂತಿತು. "ನನಗೇನು ಗೊತ್ತು? ಬಿಸಿ ರೊಟ್ಟಿ ಬೇಕು ಅಂತಿದ್ದ. ನಾನು ಬಡೀತಿದ್ದೆ, ಒಲಿ ಕಡಿ ಮುಖ. ಹಿಂದಕ್ಕ ಕೈ ಚಾಚಿ ತಟ್ಟಿಗೆ ಹಾಕ್ತಿದ್ದೆ. ಇಪ್ಪತ್ತೆಂಟು ವರ್ಷ ಹಂಗ ಉಣ್ಣಿಸೀನಿ. ಅವನು ಹೆಂಗ ಉಣ್ತಿದ್ದ ಅಂತ ನಾನು ಒಂದಿನಾನೂ ನೋಡಿಲ್ಲವಾ." ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ಹೇಳಿದಳು, "ರಾಜಾಗ ಗೊತ್ತಿರ್ತೈತಿ. ಅವನು ಎದುರಿಗೆ ಕುಂದ್ರತಿದ್ದ."

ರಾಜಾಸಾಬನನ್ನು ಕೇಳುವಂತಿರಲಿಲ್ಲ. ಗೊತ್ತಿಲ್ಲದ್ದನ್ನು ಬರೆಯಲು ಸೈದಾ ಬೀಗೆ ಮನಸ್ಸಾಗಲಿಲ್ಲ. ಕೊನೆಯ ಪುಟದ ನಡುವಿನ ಚೌಕವನ್ನು ಖಾಲಿ ಬಿಟ್ಟಳು. ಓಬಳೇಶ ಹಾಗೆಯೇ ನೂರು ಪ್ರತಿ ತೆಗೆದುಕೊಟ್ಟ.

ಕೂಟದ ಹಿಂದಿನ ದಿನ ಮೂರನೆಯ ಕೌದಿ ನಡುವಿಗೆ ಬಂತು. ಕೊನೆಯ ತುಂಡು ಮುಚ್ಚುವ ಮುನ್ನ ಜೈತುನ್ ಬೀ ಒಂದು ಚೂರು ಒಣರೊಟ್ಟಿ ತಂದು ಒಳಗಿಟ್ಟಳು. ಕೌದಿಯ ಹೊಟ್ಟೆ ಹಸಿದಿದ್ದರೆ ಹೊದ್ದವರಿಗೆ ಹಸಿವು ಬಿಡುವುದಿಲ್ಲವೆಂದು ಅವಳ ಅತ್ತೆ ಹೇಳಿಕೊಟ್ಟ ಪದ್ಧತಿ. ಸೈದಾ ಬೀ ಹೊಲಿದು ನೂಲು ಕಡಿದಳು.

"ಕೌದಿ ಹೊಟ್ಟಿ ತುಂಬಿತು," ಎಂದಳು ಮುದುಕಿ. "ನನ್ನ ಮಗನ ಹೊಟ್ಟಿ ಖಾಲಿ ಐತಿ." ಕಣ್ಣೊರೆಸಿಕೊಂಡು ಮತ್ತೆ ಅಂದಳು, "ನಾಳಿ ನಾನೂ ಬರ್ತೀನಿ. ಗಂಡಸರು ಜೊತಿಗಿಲ್ಲದ ನಿಮ್ಮಿಬ್ಬರನ್ನ ಹೆಂಗ ಕಳಸ್ಲಿ?"

ಮರುದಿನ ಅವರು ಏಳುವ ಹೊತ್ತಿಗೆ ರಾಜಾಸಾಬ ಮನೆಯಲ್ಲಿ ಇರಲಿಲ್ಲ. ಮೊದಲ ಬಸ್ಸಿಗೆ ಹೋಗಿದ್ದಾನೆ, ಎಲ್ಲಿಗೆಂದು ಹೇಳಲಿಲ್ಲ ಎಂದಳು ಅಂಜಿನಕ್ಕ.  ಆದರೂ ನೂರು ಪುಸ್ತಕದ ಗಂಟು ಮುಮ್ತಾಜಳ ತಲೆಯ ಮೇಲೆ, ರೊಟ್ಟಿ ಚಟ್ನಿಪುಡಿಯ ಗಂಟು ಅತ್ತೆಯ ಕಂಕುಳಲ್ಲಿ ಇಟ್ಟು, ಸೈದಾ ಬೀ ಅವರೊಂದಿಗೆ ಎಂಟರ ಬಸ್ಸು ಹತ್ತಿದಳು.

ಹರಪನಹಳ್ಳಿಯ ಶಾಲೆಯೊಂದರ ಉದ್ದನೆಯ ಕೋಣೆಯಲ್ಲಿ ಡೆಸ್ಕುಗಳನ್ನು ಗೋಡೆಗೆ ಹಚ್ಚಿದ್ದರು. ಕೈಯಲ್ಲಿ ಬರೆದ ಪತ್ರಿಕೆಗಳು, ಚಂದ್ರನ ಮೇಲೆ ಇಳಿದವರ ಕಥೆ ಬರೆದ ಗದಗಿನ ಹುಡುಗ, ನಗೆಚಿತ್ರಗಳನ್ನು ದಾರಕ್ಕೆ ಕಟ್ಟಿ ತೂಗುಬಿಟ್ಟ ಇನ್ನೊಬ್ಬ. ಹೆಂಗಸರ ಟೇಬಲ್ ಇದೊಂದೇ. ‘ಅಬ್ದುಲ್ ವಹಾಬನ ಬಿಲ್ಲು. ಚಿತ್ರ, ಕಥೆ: ಸೈದಾ ಬೀ, ಕೊಟ್ಟೂರು’ ಎಂದು ಮುಮ್ತಾಜ್ ಕೈಯಲ್ಲಿ ಬರೆದ ಹೊದಿಕೆ ನೋಡಿ ಜನ ಎತ್ತಿಕೊಂಡರು. ಮೇಲಿನ ಸಾಲಿನಿಂದ ಓದಿದರು, ತಲೆ ಕೆರೆದುಕೊಂಡರು, ಇಟ್ಟು ಹೋದರು. ಒಂದು ತಾಸಿನಲ್ಲಿ ಹೋದದ್ದು ಮೂರೇ ಪ್ರತಿ. ಅದರಲ್ಲಿ ಒಂದನ್ನು ಕೊಂಡವನು ತೋಳಿಗೆ ಗ್ರೀಸು ಮೆತ್ತಿದ ಹುಡುಗ. ಮುಮ್ತಾಜಳ ಕಡೆ ನೋಡದಿರಲು ಬಹಳ ಕಷ್ಟಪಟ್ಟು, ಚಿಲ್ಲರೆಯನ್ನೂ ಇಸಿದುಕೊಳ್ಳದೆ ಓಡಿಹೋದ.

ದಾವಣಗೆರೆಯಲ್ಲಿ ಮಾಸಪತ್ರಿಕೆ ನಡೆಸುವ ರಾಮಣ್ಣ ಕನ್ನಡಕ ಏರಿಸಿ ಪುಸ್ತಕ ನೋಡಿದ. ನೋಡಿದವನು ಬಿಡಲಿಲ್ಲ.

"ಅಮ್ಮಾ, ಗೆರೆ ಅದ್ಭುತ. ಆದರೆ ಜೋಡಣೆ ತಪ್ಪು. ಚೌಕಗಳನ್ನ ಕತ್ತರಿಸಿ ನೇರ ಸಾಲಿಗೆ ಹಾಕ್ತೀನಿ, ನಮ್ಮ ಪತ್ರಿಕೇಲಿ ಎಂಟು ತಿಂಗಳು ಬರುತ್ತೆ. ಮೂರು ಸಾವಿರ ಜನ ಓದ್ತಾರೆ. ಹೂಂ ಅನ್ನಿ."

ಮೂರು ಸಾವಿರ! ಸೈದಾ ಬೀಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಸುತ್ತು ಹೋದ ಮನುಷ್ಯನನ್ನು ನೇರ ಸಾಲಿಗೆ ನಿಲ್ಲಿಸಿದರೆ ಅವನು ಮನೆಗೆ ಬರುವುದು ಹೇಗೆ?

"ಕೌದಿ ಬಿಚ್ಚಿ ಉದ್ದಕ ಹೊಲಿದ್ರ ಅದು ಪಟ್ಟಿ ಆಗ್ತೈತ್ರಿ," ಎಂದಳು. "ಹೊದ್ಕೊಳ್ಳಾಕ ಬರಂಗಿಲ್ಲ. ಹಾಕೋದಾದ್ರ ಹಿಂಗ ಹಾಕ್ರಿ, ಇಲ್ಲಾಂದ್ರ ಬ್ಯಾಡ್ರಿ."

"ಹೀಗೆ ಓದೋಕೇ ಬರಲ್ವಲ್ಲಮ್ಮ!"

"ಯಾಕ ಬರಂಗಿಲ್ಲ?" ಜೈತುನ್ ಬೀ ಪುಸ್ತಕವನ್ನು ಅವನ ಕೈಯಿಂದ ತೆಗೆದುಕೊಂಡು ಮಡಿಲಿಗೆ ಹಾಕಿಕೊಂಡಳು. "ನನಗ ಅಕ್ಷರ ಬರಂಗಿಲ್ಲಪ್ಪ, ನಾನು ಓದ್ತೀನಿ ನೋಡು. ಇಲ್ಲಿ ಮೈಲಾರಕ್ಕ ಬಂದ. ಹತ್ತಿ ಹರವಿದ. ಈಗ ಹೊರಳಿಸು. ಗಾಳಿ ಬಂತು. ಹೊರಳಿಸು. ಹುಡುಗ್ರು ಓಡಿದ್ರು..." ಪುಟ ಸುತ್ತುತ್ತ ಕಥೆ ನಡುವಿಗೆ ಬಂದಿತು. ಅವಳ ದನಿ ಜೋರಾಗಿತ್ತು. ಪಕ್ಕದ ಡೆಸ್ಕಿನವರು ಎದ್ದು ಬಂದರು. ಹುಡುಗರು ಒಂದೊಂದು ಪ್ರತಿ ಹಿಡಿದು ಮುದುಕಿಯ ಜೊತೆಗೇ ತಿರುಗಿಸತೊಡಗಿದರು. ಸ್ವಲ್ಪ ಹೊತ್ತಿನಲ್ಲಿ ಆ ಕೋಣೆಯ ಅರ್ಧ ಜನ ಪುಸ್ತಕವನ್ನು ಬಂಡಿಯ ಗಾಲಿಯಂತೆ ಸುತ್ತಿಸುತ್ತ ನಿಂತಿದ್ದರು. ರಾಮಣ್ಣನೂ ತಿರುಗಿಸಿದ. "ಕತ್ತರಿ ಬೇಡಮ್ಮ," ಅಂದ ಕೊನೆಗೆ. "ನಾನು ಹೀಗೇ ಹಾಕೋಕೆ ನೋಡ್ತೀನಿ."

ಮಧ್ಯಾಹ್ನ ಎರಡರ ಹೊತ್ತಿಗೆ ಬಾಗಿಲಲ್ಲಿ ಖಾಕಿ ಅಂಗಿಯ ದಪ್ಪ ಮನುಷ್ಯನೊಬ್ಬ ಕಾಣಿಸಿದ. ಅವನೇ ಮಹಬೂಬ್ ಸಾಬ, ಕೈಯಲ್ಲಿ ಒಂದು ಪ್ರತಿ. ಅವನ ಹಿಂದೆ, ಗಲ್ಲು ಶಿಕ್ಷೆಗೆ ಹೊರಟವನಂತೆ, ರಾಜಾಸಾಬ. ಬೆಳಿಗ್ಗೆಯಿಂದ ಮಹಬೂಬ್ ಸಾಬರ ಗ್ಯಾರೇಜಿನಲ್ಲೇ ಕೂತು, ಅವರು ಈ ಕಡೆ ಬಾರದಂತೆ ಲಾರಿಯ ಕಥೆ ಕೇಳುತ್ತ ಕಾವಲು ಕಾದಿದ್ದನಂತೆ. ಪಾಪ, ಪುಸ್ತಕ ಅವರ ಮಗನ ಕೈಯಲ್ಲಿ ಗ್ಯಾರೇಜಿಗೇ ಬರುತ್ತದೆಂದು ಅವನಿಗೇನು ಗೊತ್ತು!

"ಇದನ್ನ ಬದಲಿ ಮಾಡಿ ಕೊಡ್ರಿ," ಮಹಬೂಬ್ ಸಾಬ ಪುಸ್ತಕ ಚಾಚಿದ. "ಕಡೀ ಪುಟದಾಗ ನಡುವಿನ ಚೌಕ ಅಚ್ಚಾಗಿಲ್ಲ. ನನ್ನ ಮಗ ಅಲ್ಲೀ ತನಕ ಓದಿ ಕೆಲಸ ಬಿಟ್ಟು ಕುಂತಾನ, ಮುಂದೇನಾತು ಅಂತ."

"ಎಲ್ಲಾದ್ರಾಗೂ ಹಂಗ ಐತ್ರಿ," ಸೈದಾ ಬೀ ಸೆರಗು ಎಳೆದುಕೊಂಡಳು. "ಮುಂದಿಂದು ನನಗ ಗೊತ್ತಿಲ್ಲ."

ಮಹಬೂಬ್ ಸಾಬ ಹೊದಿಕೆಯ ಹೆಸರು ಓದಿ ರಾಜಾಸಾಬನ ಕಡೆ ತಿರುಗಿದ. "ಕೊಟ್ಟೂರು ಅಂತ ಐತಿ. ಯಾರ್ರೀ ಈ ಅಬ್ದುಲ್ ವಹಾಬ? ನಿಮಗ ಗೊತ್ತೇನು?"

ಗೊತ್ತಿಲ್ಲ ಎಂದುಬಿಡಬಹುದಿತ್ತು. ರಾಜಾಸಾಬ ಬಾಯಿ ತೆರೆದೂ ಇದ್ದ. ಅಷ್ಟರಲ್ಲಿ ಅವನ ಕಣ್ಣು ಪುಟದ ಮೇಲೆ ಬಿತ್ತು. ಇಪ್ಪತ್ತು ದಿನ ಒಂದೇ ಸೂರಿನಡಿ ಇದ್ದೂ ಅವನು ಒಂದು ಹಾಳೆಯನ್ನೂ ನೋಡಿರಲಿಲ್ಲ. ಹೆಗಲ ಮೇಲೆ ಬಿಲ್ಲು, ಧೂಳು ಮೆತ್ತಿದ ಕಾಲು, ಬಾಗಿಲಿಗೆ ಬಂದು ನಿಂತ ಅಪ್ಪ.

"ನಮ್ಮಪ್ಪ ರೀ," ಅಂದ. ದನಿ ಸಣ್ಣಗಾಗಿತ್ತು. "ಅಂಗಡಿ ಇತ್ತು ಅಂತ ಸುಳ್ಳು ಹೇಳಿದ್ದೆ. ಇರಲಿಲ್ಲ. ಬಿಲ್ಲು ಇತ್ತು. ಈ ಊರಾಗೂ ಓಣಿ ಓಣಿ ತಿರುಗ್ಯಾನ."

ಮುಮ್ತಾಜ್ ನೆಲ ನೋಡುತ್ತ ನಿಂತಳು. ಮಹಬೂಬ್ ಸಾಬ ಪುಸ್ತಕವನ್ನೊಮ್ಮೆ, ರಾಜಾಸಾಬನನ್ನೊಮ್ಮೆ ನೋಡಿ ಕುತ್ತಿಗೆ ತುರಿಸಿಕೊಂಡ.

"ಗ್ಯಾರೇಜು ನಮ್ಮಪ್ಪ ಇಟ್ಟಿದ್ದು ಅಂತ ನಾನೂ ಅಂದಿದ್ನಲ್ರೀ," ಎಂದ. "ನಮ್ಮಪ್ಪ ಸಂತ್ಯಾಗ ಎತ್ತಿಗೆ ಲಾಳ ಬಡೀತಿದ್ದ." ಹಾಗೆಂದು ಬೆಂಚಿನ ಮೇಲೆ ಭಾರವಾಗಿ ಕೂತುಬಿಟ್ಟ.

ಜೈತುನ್ ಬೀ ಮೊದಲು ನಕ್ಕವಳು. ನಗುತ್ತಲೇ ರೊಟ್ಟಿಯ ಗಂಟು ಬಿಚ್ಚಿದಳು. ಒಂದು ರೊಟ್ಟಿ, ಮೇಲೊಂದಿಷ್ಟು ಚಟ್ನಿಪುಡಿ ಹಾಕಿ, ಡೆಸ್ಕಿನ ಮೇಲೆ ತೆರೆದಿದ್ದ ಪುಸ್ತಕದ ಖಾಲಿ ಚೌಕದ ಮೇಲೇ ಇಟ್ಟು ಮಗನ ಕಡೆ ಸರಿಸಿದಳು. "ಉಣ್ಣು ಲೇ ರಾಜಾ. ಹೊಟ್ಟಿ ಖಾಲಿ ಇಟ್ಕೊಂಡು ಮುಚ್ಚಬಾರದು."

ರಾಜಾಸಾಬ ಕೂತ. ಮೊದಲ ತುತ್ತು ಮುರಿದ. ಮುರಿದದ್ದನ್ನು ತನ್ನ ಬಾಯಿಗೆ ಇಡಲಿಲ್ಲ. ಕೈ ತಾನಾಗಿಯೇ ಮುಮ್ತಾಜಳ ಕಡೆ ಹೋಯಿತು. ಅವಳ ಬಾಯಿಗಿಟ್ಟು, ಅವಳ ಮುಖವನ್ನೇ ನೋಡುತ್ತ ಕೇಳಿದ: "ಉಪ್ಪು ಸರಿ ಐತೇನವಾ?"

ಜೈತುನ್ ಬೀಯ ನಗು ನಿಂತಿತು. "ಹಿಂಗ ಮಾಡ್ತಿದ್ನಾ ನಿಮ್ಮಪ್ಪ?"

"ಪ್ರತೀ ಸಲ. ಮೊದಲ ತುತ್ತು ನನಗ. ಉಪ್ಪು ಸರಿ ಐತೇನು ಅಂತ ಕೇಳಿ, ನಾನು ಹೂಂ ಅಂದ ಮ್ಯಾಲೆ ತಾನು ಉಣ್ತಿದ್ದ. ನೀನು ಒಲಿ ಕಡಿ ಮುಖ ಮಾಡಿರ್ತಿದ್ದಿ."

"ನನಗ ಒಬ್ರೂ ಹೇಳಲಿಲ್ಲ," ಅಂದಳು ಮುದುಕಿ.

ರಾಜಾಸಾಬ ತಲೆ ತಗ್ಗಿಸಿ ಉಂಡ. ಹಸಿದವನು ಉಣ್ಣುವಂತೆ, ಯಾರಿಗೂ ನಾಚದೆ ಉಂಡ. ಸೈದಾ ಬೀ ಮಾತ್ರ ಒಲೆಯ ಕಡೆ ತಿರುಗಿರಲಿಲ್ಲ. ಅಲ್ಲಿ ಒಲೆಯೂ ಇರಲಿಲ್ಲ. ಗಂಡನ ಮುಖವನ್ನು ಮೊದಲಿಂದ ಕೊನೆಯ ತನಕ ಕಣ್ತುಂಬ ನೋಡಿದಳು. ಆಮೇಲೆ ಮಗಳ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಮಹಬೂಬ್ ಸಾಬನ ಕಡೆ ಕೈ ಚಾಚಿದಳು.

"ಕೊಡ್ರಿ ಇಲ್ಲಿ ನಿಮ್ಮ ಪುಸ್ತಕ. ಮುಗಿಸಿ ಕೊಡ್ತೀನಿ."